ಕಾಡು ನೋಡಲು ಹೋದವನಿಗೆ ಸಿಕ್ಕ ಕೂಳಿ

(ತೀರ್ಥಹಳ್ಳಿಯಲ್ಲಿ ಗೆಳೆಯರು ಸೇರಿಸಿದ್ದ ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೆಯೇ ಬರೆದಿದ್ದೇನೆ, ಕೆಮ್ಮಿದ್ದನ್ನು ಮಾತ್ರ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಬರುತ್ತಿದೆ, ಆದರೂ ಬಂದಿದ್ದೀರಿ. ಕಾಂಗರೂ ಫೋಟೋ ತೋರಿಸುತ್ತಾನೆ ಅಂತ ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ನನ್ನ ಕಾಂಗರೂ ಫೋಟೋಗಳಲ್ಲಿ ಬಾಲ ಮಾತ್ರ ಬಂದಿದೆ.

ಆಸ್ಟ್ರೇಲಿಯಾದಲ್ಲಿ ಯಾವುದೇ ಸಭೆ ಶುರು ಮಾಡುವ ಮುಂಚೆ ಎರಡು ಮಾತು ಹೇಳುತ್ತಾರೆ. ‘ನಾವು ಸೇರಿರುವ ಈ ನೆಲ ಇಂಥ ಜನರದ್ದು, ಅವರ ಹಿರಿಯರಿಗೆ ನಮ್ಮ ಗೌರವ’ ಅಂತ. ಇಂಥ ಜನ ಅಂದರೆ ಆ ಜಾಗದ ಮೂಲನಿವಾಸಿಗಳಾದ ಅಬೊರಿಜಿನಲ್ ಜನ. ಶಾಲೆಯಲ್ಲಿ ಹೇಳುತ್ತಾರೆ, ಆಫೀಸಿನಲ್ಲಿ ಹೇಳುತ್ತಾರೆ. ಮೆಲ್ಬರ್ನ್‌ನಲ್ಲಿ ಕನ್ನಡದವರು ಸೇರಿದ್ದ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಅಲ್ಲೂ ನಾಡಗೀತೆಗೆ ಮೊದಲು ಇದನ್ನು ಹೇಳಿದರು. ಕೆಲವರು ಮನಸ್ಸಿಟ್ಟು ಹೇಳುತ್ತಾರೆ. ಜಾಸ್ತಿ ಜನ, ನಾವು ಶಾಲೆಯಲ್ಲಿ ಪ್ರಾರ್ಥನೆ ಹೇಳುತ್ತಿದ್ದೆವಲ್ಲ, ಹಾಗೆ ಹೇಳಿ ಮುಗಿಸುತ್ತಾರೆ.

ನನ್ನ ತಂಗಿಯ ಮಗಳಿಗೆ ಒಂಬತ್ತು ವರ್ಷ. ಅವಳು ಮಾತ್ರ ಇದನ್ನು ಆಟ ಮಾಡಿಕೊಂಡಿದ್ದಾಳೆ. ಕಾರು ಒಂದು ಊರು ದಾಟಿದರೆ ಸಾಕು, ಹಿಂದಿನ ಸೀಟಿನಿಂದ ಕೇಳುತ್ತಾಳೆ: ‘ಮಾಮ, ಈಗ ನಾವು ಯಾರ ಕಂಟ್ರಿಯಲ್ಲಿದ್ದೇವೆ ಹೇಳು?’ ಇಲ್ಲಿ ಕಂಟ್ರಿ ಅಂದರೆ ದೇಶ ಅಲ್ಲ. ನೆಲ, ನೀರು, ಪ್ರಾಣಿ, ಸತ್ತ ಅಜ್ಜ, ಹುಟ್ಟಬೇಕಾದ ಮೊಮ್ಮಗು ಎಲ್ಲ ಸೇರಿದ್ದು. ‘ನಮ್ಮ ಸೀಮೆ’ ಅಂತೀವಲ್ಲ, ಅದಕ್ಕೆ ಸ್ವಲ್ಪ ಹತ್ತಿರ. ನಾಲ್ಕು ದಿನದ ಆ ಪ್ರಯಾಣದಲ್ಲಿ ಅವಳ ಪ್ರಶ್ನೆಗೆ ಉತ್ತರ ಮೂರು ಸಲ ಬದಲಾಯಿತು. ಮೊದಲು ವಾದವುರಂಗ್, ಆಮೇಲೆ ಈಸ್ಟರ್ನ್ ಮಾರ್, ಕೊನೆಗೆ ಗುಂಡಿಚ್‌ಮಾರಾ. ಈ ಕೊನೆಯ ಹೆಸರು ನೆನಪಿಟ್ಟುಕೊಳ್ಳಿ.

ನಾವು ಹೋದದ್ದು ಗ್ರೇಟ್ ಓಶನ್ ರೋಡ್‌ನಲ್ಲಿ. ಮೆಲ್ಬರ್ನ್‌ನಿಂದ ನೈಋತ್ಯಕ್ಕೆ ಇಳಿದರೆ ಟಾರ್ಕೀ ಅಂತ ಊರು ಸಿಗುತ್ತದೆ. ಅಲ್ಲಿಂದ ಸಮುದ್ರದ ಅಂಚಿಗೆ ಅಂಟಿಕೊಂಡು ಸುಮಾರು 240 ಕಿಲೋಮೀಟರ್. ಮೊದಲ ಮಹಾಯುದ್ಧದಿಂದ ಮರಳಿದ ಸುಮಾರು 3000 ಸೈನಿಕರು 1919ರಿಂದ 1932ರವರೆಗೆ ಗುದ್ದಲಿ ಪಿಕಾಸಿ ಹಿಡಿದು ಕಡಿದ ರಸ್ತೆ ಇದು. ಸತ್ತ ತಮ್ಮ ಜೊತೆಗಾರರ ನೆನಪಿಗೆ ಅಂತ ಕಟ್ಟಿದ್ದು. 1924ರಲ್ಲಿ ಕ್ಯಾಸಿನೋ ಅನ್ನುವ ಹಡಗು ಕೇಪ್ ಪ್ಯಾಟನ್ ಹತ್ತಿರ ಬಂಡೆಗೆ ಬಡಿಯಿತು. ಭಾರ ಇಳಿಸೋಕೆ 500 ಪೀಪಾಯಿ ಬಿಯರ್, 120 ಪೆಟ್ಟಿಗೆ ಸಾರಾಯಿಯನ್ನು ನೀರಿಗೆ ಎಸೆದರು. ಅದು ತೇಲಿಕೊಂಡು ಬಂದದ್ದು ಎಲ್ಲಿಗೆ? ಈ ಕೂಲಿಗಳ ಕಾಲ ಬುಡಕ್ಕೆ. ರಸ್ತೆ ಕೆಲಸ ಎರಡು ವಾರ ನಿಂತಿತಂತೆ. ನಮ್ಮ ಲೋಕೋಪಯೋಗಿಯವರ ಕೆಲಸ ನಿಲ್ಲೋದಕ್ಕೆ ಇಷ್ಟು ಒಳ್ಳೆಯ ಕಾರಣ ಯಾವತ್ತೂ ಸಿಕ್ಕಿಲ್ಲ, ಅಲ್ವಾ?

ಇನ್ನು ಪ್ರಾಣಿಗಳ ವಿಷಯ. ನಾನು ಹೋದದ್ದೇ ಕಾಡುಪ್ರಾಣಿ ನೋಡೋಕೆ. ಆದರೆ ಒಂದೊಂದು ಪ್ರಾಣಿ ಕಂಡಾಗಲೂ ಅದರ ಹಿಂದೆ ಯಾರದೋ ಒಂದು ಕೈ ಕಾಣಿಸುತ್ತಾ ಹೋಯಿತು. ಆ ಕೈಗಳ ವಿಷಯವನ್ನೇ ಇವತ್ತು ಹೇಳಬೇಕು ಅಂತಿದ್ದೇನೆ.

ಮೊದಲ ಕೈ ನನ್ನದೇ. ಕೆನೆಟ್ ರಿವರ್ ಅನ್ನೋ ಪುಟ್ಟ ಊರಲ್ಲಿ ಕಾರು ನಿಲ್ಲಿಸಿ, ತಂಗಿ ಕರಿದು ತಂದಿದ್ದ ಕೋಡುಬಳೆ ಹಿಡಿದುಕೊಂಡು ತಲೆ ಎತ್ತಿ ಮರದಲ್ಲಿ ಕೋಆಲಾ ಹುಡುಕುತ್ತಿದ್ದೆ. ಹಿಂದಿನಿಂದ ಒಂದು ಬಿಳಿ ಕಾಕಟೂ ಬಂದು ಕೋಡುಬಳೆ ಕಿತ್ತುಕೊಂಡು ಹೋಯಿತು. ನಮ್ಮ ಕೋಳಿಗಿಂತ ಸ್ವಲ್ಪ ಚಿಕ್ಕದು, ತಲೆಯ ಮೇಲೆ ಹಳದಿ ಜುಟ್ಟು. ತಂತಿ ಮೇಲೆ ಕೂತು, ಕೋಡುಬಳೆಯನ್ನು ಒಂದು ಕಾಲಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಕಟುಂ ಅಂತ ಕಡಿಯಿತು. ಖಾರ ಹತ್ತಿತೋ ಏನೋ, ನನ್ನ ಮೇಲೆ ಕಿರುಚಿತು. ಪಕ್ಕದಲ್ಲೇ ಬೋರ್ಡ್ ಇತ್ತು, ಹಕ್ಕಿಗಳಿಗೆ ತಿನಿಸು ಕೊಡಬೇಡಿ ಅಂತ. ಕೊಟ್ಟಿದ್ದಲ್ಲ, ಕಿತ್ತುಕೊಂಡಿದ್ದು ಅಂತ ಯಾರಿಗೆ ಹೇಳೋದು? ಬಂದ ಪ್ರವಾಸಿಗರೆಲ್ಲ ತಿನ್ನಿಸಿ ತಿನ್ನಿಸಿ ಆ ಹಕ್ಕಿಗಳಿಗೆ ಈ ಚಾಳಿ ಕಲಿಸಿದ್ದಾರೆ.

ಕೋಆಲಾ ಆಮೇಲೆ ಕಂಡಿತು. ದಿನಕ್ಕೆ ಹದಿನೆಂಟು ಇಪ್ಪತ್ತು ಗಂಟೆ ನಿದ್ದೆ ಮಾಡುವ ಪ್ರಾಣಿ. ನೀಲಗಿರಿ ಎಲೆಯಲ್ಲಿ ಸತ್ವ ಕಡಿಮೆ, ವಿಷ ಜಾಸ್ತಿ. ಅದನ್ನು ಅರಗಿಸಿಕೊಳ್ಳೋಕೆ ಸುಮ್ನೆ ಮಲಗಿರಬೇಕು. ಊಟ ಮಾಡಿ ಮಲಗುವುದಕ್ಕೆ ಇಷ್ಟು ಗೌರವದ ಕಾರಣ ನನಗೂ ಬೇಕಿತ್ತು.

ಕೇಪ್ ಆಟ್ವೇ ದೀಪಸ್ತಂಭದ ದಾರಿಯಲ್ಲಿ ಮಾತ್ರ ನಗು ಬರಲಿಲ್ಲ. ಆ ದಾರಿಯ ಎರಡೂ ಕಡೆ ಒಣಗಿ ಬೆಳ್ಳಗಾದ ಮರಗಳು ನಿಂತಿವೆ. ಬೆಂಕಿ ಬಿದ್ದಿತ್ತಾ ಅಂತ ಕೇಳಿದೆ. ಇಲ್ಲ, ಕೋಆಲಾಗಳು ತಿಂದದ್ದು. ಒಂದು ಕಾಲದಲ್ಲಿ ತುಪ್ಪಳಕ್ಕಾಗಿ ಕೋಆಲಾಗಳನ್ನು ಕೊಂದು ಕೊಂದು ವಿಕ್ಟೋರಿಯಾ ರಾಜ್ಯದಲ್ಲಿ ಹೆಚ್ಚೂಕಡಿಮೆ ಮುಗಿಸಿಬಿಟ್ಟಿದ್ದರು. ಅಷ್ಟರೊಳಗೆ ಕೆಲವನ್ನು ಫ್ರೆಂಚ್ ಐಲೆಂಡ್ ಅನ್ನೋ ದ್ವೀಪದಲ್ಲಿ ಬಿಟ್ಟಿದ್ದರು, ಅಲ್ಲಿ ಅವು ಹೆಚ್ಚಿದವು. ಆಮೇಲೆ ಅವನ್ನೇ ಬೇರೆ ಬೇರೆ ಕಡೆ ತಂದು ಬಿಟ್ಟರು. ಕೇಪ್ ಆಟ್ವೇಗೆ ತಂದದ್ದು 1981ರಲ್ಲಿ. ಅಲ್ಲಿನ ಮ್ಯಾನ ಗಮ್ ಮರದ ಎಲೆ ಅವಕ್ಕೆ ಪಂಚಪ್ರಾಣ. ತಿಂದು, ಹೆಚ್ಚಿ, ಮರ ಸಾಯಿಸಿ, ಕೊನೆಗೆ ತಾವೇ ಹಸಿವಿನಿಂದ ನೆಲಕ್ಕೆ ಬೀಳತೊಡಗಿದವು. 2013 ಮತ್ತು 14ರಲ್ಲಿ ಸರ್ಕಾರ ಸುಮಾರು 700 ಕೋಆಲಾಗಳಿಗೆ ಸೂಜಿ ಚುಚ್ಚಿ ಸಾಯಿಸಬೇಕಾಯಿತು. ಜನರಿಗೆ ಗೊತ್ತಾದದ್ದು 2015ರಲ್ಲಿ. ತುಪ್ಪಳಕ್ಕೆ ಕೊಂದದ್ದು ಒಂದು ಕೈ, ತಂದು ಬಿಟ್ಟದ್ದು ಇನ್ನೊಂದು ಕೈ, ಸೂಜಿ ಹಿಡಿದದ್ದು ಮತ್ತೊಂದು. ಎರಡನೆಯ ಕೈ ಒಳ್ಳೆಯ ಮನಸ್ಸಿನದ್ದೇ ಆಗಿತ್ತು.

ಈ ಕೇಪ್ ಆಟ್ವೇ, ಈಸ್ಟರ್ನ್ ಮಾರ್‌ಗೆ ಸೇರಿದ ಗಡುಬನುಡ್ ಅನ್ನುವ ಜನರ ನೆಲ. ರಸ್ತೆ ಬದಿಯ ಕೆಂಪು ಹಸಿರು ಕಿಂಗ್ ಪ್ಯಾರಟ್ ಗಿಳಿ ಇದೆಯಲ್ಲ, ಅದರ ಹೆಸರೇ ಅವರ ಹೆಸರು. 1846ರಲ್ಲಿ ಒಂದು ಸರ್ವೆ ತಂಡ ಏರ್ ನದಿಯ ಹತ್ತಿರ ಅವರ ಮೇಲೆ ಬಿದ್ದು ಕೊಂದಿತು. ಗಿಳಿಯ ಜೊತೆ ಸೆಲ್ಫಿ ತೆಗೆದುಕೊಳ್ಳುವ ಜಾಗದಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ನನಗೂ ನೆನಪಾಗುತ್ತಿರಲಿಲ್ಲ, ಹುಡುಗಿ ‘ಯಾರ ಕಂಟ್ರಿ’ ಅಂತ ಕೇಳದಿದ್ದರೆ.

ಅವತ್ತು ಕತ್ತಲಾಗುವ ಹೊತ್ತಿಗೆ ಅದೇ ದಾರಿಯಲ್ಲಿ ಒಂದು ವಾಲಬಿ ಕಾರಿಗೆ ಅಡ್ಡ ಬಂತು. ಕಾಂಗರೂವಿನ ಚಿಕ್ಕಪ್ಪನ ಮಗ ಅನ್ನಿ. ಭಾವ ಬ್ರೇಕ್ ಒತ್ತಿದ್ದಕ್ಕೆ ನಾವೆಲ್ಲ ಮುಂದಿನ ಸೀಟಿಗೆ ಮುತ್ತು ಕೊಟ್ಟೆವು. ಅದು ಹೆಡ್‌ಲೈಟ್ ನೋಡುತ್ತಾ ಕಿವಿ ಮಾತ್ರ ಆಡಿಸಿ ನಿಂತಿತು, ಆಮೇಲೆ ಪಕ್ಕಕ್ಕೆ ಜಿಗಿಯಿತು. ಅಲ್ಲಿ ಓಡಿಸುವವರಿಗೆ ಹೇಳಿಕೊಡುವ ಒಂದು ಮಾತಿದೆ. ಇಂಥ ಪ್ರಾಣಿ ಗುದ್ದಿ ಸತ್ತಿದ್ದರೆ ಕಾರು ನಿಲ್ಲಿಸಿ ಅದರ ಹೊಟ್ಟೆಯ ಚೀಲ ನೋಡಿ, ಒಳಗೆ ಮರಿ ಬದುಕಿರಬಹುದು ಅಂತ.

ಟ್ವೆಲ್ವ್ ಅಪೊಸಲ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ಸಮುದ್ರದಲ್ಲಿ ನಿಂತ ಸುಣ್ಣಕಲ್ಲಿನ ಕಂಬಗಳು, ಎಲ್ಲರೂ ಚಿತ್ರದಲ್ಲಿ ನೋಡಿರುತ್ತೀರಿ. ಹೆಸರಿನಲ್ಲಿ ಹನ್ನೆರಡು ಇದ್ದರೂ ಹನ್ನೆರಡು ಯಾವತ್ತೂ ಇರಲಿಲ್ಲ. 2005ರ ಜುಲೈನಲ್ಲಿ ಒಂದು ಕುಸಿದು ಬಿತ್ತು. ಸ್ವಲ್ಪ ಮುಂದೆ ಲಂಡನ್ ಬ್ರಿಜ್ ಅಂತ ಕಲ್ಲಿನ ಕಮಾನು ಇತ್ತು. 1990ರ ಜನವರಿಯಲ್ಲಿ ಅದರ ದಡದ ಕಡೆಯ ಭಾಗ ಬಿದ್ದಾಗ ಇಬ್ಬರು ಆ ಕಡೆ ಸಿಕ್ಕಿಕೊಂಡರು, ಹೆಲಿಕಾಪ್ಟರ್ ಬಂದು ಇಳಿಸಿತು. ಅಲ್ಲಿ ಜನ ಜಾಸ್ತಿ, ಗಾಳಿ ಇನ್ನೂ ಜಾಸ್ತಿ. ನಾವು ಹತ್ತು ನಿಮಿಷ ನಿಂತು ಕಾರು ಹತ್ತಿದೆವು.

ವಾರ್ನಂಬೂಲ್ ತಲುಪಿದ್ದು ಮೂರನೆಯ ದಿನ. ಜುಲೈ ಅಲ್ಲಿ ಚಳಿಗಾಲ, ತಿಮಿಂಗಿಲಗಳು ಮರಿ ಹಾಕೋಕೆ ಬರುವ ಕಾಲ. ಲೋಗನ್ಸ್ ಬೀಚಿನ ಮರದ ಅಟ್ಟಣಿಗೆ ಮೇಲೆ ನಿಂತು ಎರಡು ಗಂಟೆ ಕಾದೆವು. ಮೊದಲು ಕಂಡದ್ದು ಉಸಿರು. ನೀರಿನ ಮೇಲೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಎರಡು ಕವಲಾಗಿ ಏಳುವ ಹಬೆ. ಆಮೇಲೆ ಕಪ್ಪು ಬೆನ್ನು, ಬೆನ್ನಿನ ಮೇಲೆ ರೆಕ್ಕೆ ಇಲ್ಲ. ತಲೆಯ ಮೇಲೆ ಬಿಳಿ ಗಂಟುಗಳು. ಆ ಗಂಟುಗಳು ಒಂದೊಂದು ತಿಮಿಂಗಿಲಕ್ಕೆ ಒಂದೊಂದು ಥರ ಇರುತ್ತವೆ, ಅದನ್ನು ನೋಡಿಯೇ ಇದು ಯಾವ ತಾಯಿ ಅಂತ ಗುರುತು ಹಿಡಿಯುತ್ತಾರೆ. ಇದರ ಹೆಸರು ಸದರ್ನ್ ರೈಟ್ ವೇಲ್. ‘ರೈಟ್’ ಯಾಕೆ ಅಂದರೆ, ಕೊಲ್ಲೋಕೆ ಸರಿಯಾದದ್ದು ಅಂತ. ನಿಧಾನ ಈಜುತ್ತದೆ, ದಡದ ಹತ್ತಿರ ಬರುತ್ತದೆ, ಸತ್ತ ಮೇಲೆ ಮುಳುಗದೆ ತೇಲುತ್ತದೆ.

ಇದರ ಬೇಟೆಗೆ ಬಂದವರು ಪಶ್ಚಿಮಕ್ಕಿರುವ ಪೋರ್ಟ್‌ಲೆಂಡಿನಲ್ಲಿ ಬೀಡು ಬಿಟ್ಟರು. 1833ರಲ್ಲೋ 34ರಲ್ಲೋ ಒಂದು ತಿಮಿಂಗಿಲ ದಡಕ್ಕೆ ಬಂದು ಬಿತ್ತು. ಅದು ನಮ್ಮದು ಅಂದರು ಗುಂಡಿಚ್‌ಮಾರಾ ಜನ. ಅವರಿಗೆ ಅದು ಹಿಂದಿನಿಂದ ಬಂದ ಹಕ್ಕು. ನಮ್ಮದು ಅಂದರು ಬೇಟೆಗಾರರು. ಬಂದೂಕು ಇದ್ದದ್ದು ಒಂದೇ ಕಡೆ. ಒಂದು ಕುಲದಲ್ಲಿ ಇಬ್ಬರು ಮಾತ್ರ ಉಳಿದರು ಅನ್ನುತ್ತಾರೆ. ಆ ಜಾಗಕ್ಕೆ ಈಗಲೂ ಕನ್ವಿನ್ಸಿಂಗ್ ಗ್ರೌಂಡ್ ಅಂತ ಹೆಸರು. ‘ಮನವರಿಕೆ ಮಾಡಿಸಿದ ಜಾಗ’ ಅಂತ ಅರ್ಥ ಬರುತ್ತದೆ. ಇಂಥ ಹೆಸರು ಇಟ್ಟವರ ಮನಸ್ಸು ಹೇಗಿತ್ತೋ.

ವಾರ್ನಂಬೂಲಿನಲ್ಲೇ ಮಿಡಲ್ ಐಲೆಂಡ್ ಅಂತ ಪುಟ್ಟ ದ್ವೀಪ ಇದೆ. ಅಲ್ಲಿ ಒಂದು ಅಡಿ ಎತ್ತರದ ಪುಟಾಣಿ ಪೆಂಗ್ವಿನ್‌ಗಳು. ಇಳಿತದ ಹೊತ್ತಲ್ಲಿ ದಡದಿಂದ ನಡೆದೇ ಹೋಗಬಹುದು, ಅದೇ ತೊಂದರೆ. ಇಂಗ್ಲಿಷರು ಬೇಟೆಯ ಮೋಜಿಗೆ ಅಂತ ಆಸ್ಟ್ರೇಲಿಯಾಕ್ಕೆ ತಂದ ನರಿಗಳೂ ನಡೆದು ಹೋದವು. ನೂರಾರು ಇದ್ದ ಪೆಂಗ್ವಿನ್ 2005ರ ಹೊತ್ತಿಗೆ ಹತ್ತಕ್ಕಿಂತ ಕಡಿಮೆಯಾಯಿತು. ಆಗ ಒಬ್ಬ ಕೋಳಿ ಸಾಕುವವನು, ನನ್ನ ಕೋಳಿ ಕಾಯುವ ನಾಯಿಯನ್ನು ಅಲ್ಲಿ ಬಿಡಿ ಅಂದ. ಮರೆಮ್ಮ ಅನ್ನೋ ಇಟಲಿಯ ತಳಿ, ಕುರಿ ಕಾಯುವ ದೊಡ್ಡ ಬಿಳಿ ನಾಯಿ. 2006ರಲ್ಲಿ ಬಿಟ್ಟರು. ವಾಸನೆಗೇ ನರಿಗಳು ದೂರ ನಿಂತವು, ಪೆಂಗ್ವಿನ್ ಮತ್ತೆ ಹೆಚ್ಚಿದವು. 2017ರಲ್ಲಿ ಸಮುದ್ರ ಜೋರಾಗಿದ್ದು ನಾಯಿಗಳನ್ನು ಒಯ್ಯಲಾಗದ ದಿನಗಳಲ್ಲಿ ನರಿ ನುಗ್ಗಿ ನೂರಕ್ಕೂ ಹೆಚ್ಚು ಪೆಂಗ್ವಿನ್ ಕೊಂದಿತು. ಅಂದರೆ ಆ ‘ಕಾಡುಹಕ್ಕಿ’ ಬದುಕಿರುವುದು ನಾಯಿಯ ಪಾಳಿಯ ಮೇಲೆ.

ಅಲ್ಲಿಂದ ಕಾಲು ಗಂಟೆ ಹೋದರೆ ಟವರ್ ಹಿಲ್, ಆರಿದ ಜ್ವಾಲಾಮುಖಿಯ ಬಾಯಿ. ಒಳಗೆ ಕೆರೆ, ದಟ್ಟ ಕಾಡು. ಎಮು ಹಕ್ಕಿಗಳು ಪಾರ್ಕಿಂಗ್ ಜಾಗದಲ್ಲಿ ಮಾವನ ಮನೆಯಲ್ಲಿ ಓಡಾಡುವ ಹಾಗೆ ಓಡಾಡುತ್ತವೆ. ಎಂಥ ಹಳೆಯ ಕಾಡು ಅಂದುಕೊಂಡೆ. ಆದರೆ ಅದು ನೆಟ್ಟ ಕಾಡು. ಬಂದು ನೆಲೆಸಿದವರು ಮರ ಕಡಿದು, ದನ ಮೇಯಿಸಿ, ಗುಡ್ಡ ಬೋಳು ಮಾಡಿದ್ದರು. 1892ರಲ್ಲೇ ನ್ಯಾಷನಲ್ ಪಾರ್ಕ್ ಅಂತ ಘೋಷಿಸಿದರೂ ಏನೂ ಉಳಿದಿರಲಿಲ್ಲ. 1961ರ ನಂತರ ಮತ್ತೆ ಕಾಡು ಬೆಳೆಸಲು ಹೊರಟಾಗ, ಮೊದಲು ಯಾವ ಗಿಡ ಎಲ್ಲಿತ್ತು ಅಂತ ತಿಳಿಯೋದು ಹೇಗೆ? ಒಂದು ಚಿತ್ರ ಇತ್ತು. ಯೂಜೀನ್ ವಾನ್ ಗೆರಾರ್ಡ್ ಅನ್ನೋ ಚಿತ್ರಕಾರ 1855ರಲ್ಲಿ ಬರೆದದ್ದು. ಎಲೆ ಎಲೆಯನ್ನೂ ಬಿಡದೆ ಬರೆಯುವ ಆಸಾಮಿ. ಆ ಚಿತ್ರವನ್ನು ಮುಂದಿಟ್ಟುಕೊಂಡು ಗಿಡ ನೆಟ್ಟರು. ಚಿತ್ರ ನೋಡಿ ಬರೆದ ಕಾಡು ಅದು.

ಅದೇ ಗುಡ್ಡದ ಬೂದಿಯ ಪದರದ ಅಡಿಯಲ್ಲಿ, 1940ರ ದಶಕದಲ್ಲಿ, ಒಂದು ಕಲ್ಲಿನ ಕೊಡಲಿ ಸಿಕ್ಕಿತ್ತು. ಜ್ವಾಲಾಮುಖಿ ಸಿಡಿದದ್ದು ಸುಮಾರು 37,000 ವರ್ಷದ ಹಿಂದೆ ಅಂತ ಈಚೆಗೆ ಲೆಕ್ಕ ಹಾಕಿದ್ದಾರೆ. ಬೂದಿ ಬೀಳುವ ಮೊದಲೇ ಅಲ್ಲಿ ಕೊಡಲಿ ಹಿಡಿದವರು ಇದ್ದರು.

ಈಗ ಗುಂಡಿಚ್‌ಮಾರಾಕ್ಕೆ ಬರೋಣ. ಪ್ರವಾಸಿ ಬಸ್ಸುಗಳು ಹಿಂತಿರುಗುವ ಕಡೆಯಿಂದ ನಾವು ಇನ್ನೂ ಪಶ್ಚಿಮಕ್ಕೆ ಹೋಗಿ, ಸಮುದ್ರ ಬಿಟ್ಟು ಒಳಕ್ಕೆ ತಿರುಗಿದೆವು. ಅಲ್ಲಿ ಬುಜ್ ಬಿಮ್ ಅನ್ನುವ ಇನ್ನೊಂದು ಜ್ವಾಲಾಮುಖಿ. ಅದೂ ಸುಮಾರು 37,000 ವರ್ಷದ ಹಿಂದೆಯೇ ಸಿಡಿದದ್ದು. ಇದು ಹುಟ್ಟಿದ ಕಥೆ ಅವರಲ್ಲಿ ಹೀಗಿದೆ. ನಾಲ್ಕು ದೈತ್ಯರು ಬಂದರು. ಮೂವರು ಬೇರೆ ಕಡೆ ಹೋದರು. ಒಬ್ಬ ಇಲ್ಲೇ ಕುಕ್ಕರುಗಾಲಲ್ಲಿ ಕೂತ. ಅವನ ಹಣೆಯೇ ಬೆಟ್ಟ, ಹಲ್ಲುಗಳೇ ಉಗುಳಿದ ಕಲ್ಲು. ಗುಡ್ಡ ಬೆಂಕಿ ಉಗುಳಿದ್ದನ್ನು ಕಣ್ಣಾರೆ ಕಂಡವರ ನೆನಪೇ ಈ ಕಥೆ ಇರಬಹುದು ಅಂತ ಭೂವಿಜ್ಞಾನಿಗಳಲ್ಲಿ ಕೆಲವರು ಊಹಿಸುತ್ತಾರೆ. ಹೌದಾದರೆ ಇದಕ್ಕಿಂತ ಹಳೆಯ ಕಥೆ ಭೂಮಿ ಮೇಲೆ ಇರಲಿಕ್ಕಿಲ್ಲ.

ಹರಿದ ಲಾವಾ ತೊರೆಗಳಿಗೆ ಅಡ್ಡ ಬಂದು, ನೀರು ನಿಂತು ಕೆರೆ, ಜೌಗು ಆಯಿತು. ಅದರಲ್ಲಿ ದೊಡ್ಡದು ಟೇ ರಾಕ್, ಇಂಗ್ಲಿಷಿನಲ್ಲಿ ಲೇಕ್ ಕೊಂಡಾ. ಅಲ್ಲಿ ನಮ್ಮನ್ನು ಕರೆದುಕೊಂಡು ಹೋದದ್ದು ಗುಂಡಿಚ್‌ಮಾರಾದವರೇ ಆದ ಒಬ್ಬ ಮಾರ್ಗದರ್ಶಿ. ಆತ ಮಾತು ಕಡಿಮೆ ಆಡಿದ. ಕಪ್ಪು ಕಲ್ಲಿನ ರಾಶಿಯ ನಡುವೆ ನಿಲ್ಲಿಸಿ, ‘ಏನು ಕಾಣುತ್ತದೆ?’ ಅಂದ. ಕಲ್ಲು ಅಂದೆ. ಇನ್ನೊಮ್ಮೆ ನೋಡು ಅಂದ. ಮಂಡಿಯೂರಿ ನೋಡಿದೆ. ಕಲ್ಲುಗಳ ನಡುವೆ ಒಂದು ಸಾಲು. ಎರಡೂ ಕಡೆ ಕಲ್ಲು ಜೋಡಿಸಿದ ಅಂಚು. ಸಾಲು ಸ್ವಲ್ಪ ದೂರ ಹೋಗಿ ಬಾಗುತ್ತದೆ, ಮುಂದೆ ಒಂದು ಕಲ್ಲಿನ ಕಟ್ಟ, ಕಟ್ಟದ ನಡುವೆ ಗೇಣಗಲದ ಕಂಡಿ. ನನ್ನ ಎದೆ ಧಸಕ್ಕೆಂದಿತು. ಇದು ನನಗೆ ಗೊತ್ತು. ಇದು ನಮ್ಮ ಗದ್ದೆಯ ತೂಬು. ಆ ಕಂಡಿಯಲ್ಲಿ ಏನು ಇಡುತ್ತಾರೆ ಅಂತಲೂ ಗೊತ್ತು.

ಕೂಳಿ! ಮೀನು ಹಿಡಿಯೋಕೆ ನಾವು ಹೆಣೆದು ಇಡುವ ಬುಟ್ಟಿ.

ಆತ ಚೀಲದಿಂದ ಅದನ್ನೇ ತೆಗೆದ. ಪೂನ್ಯಾರ್ಟ್ ಅನ್ನೋ ಹುಲ್ಲಿನಿಂದ ಹೆಣೆದ ಉದ್ದನೆಯ ಬುಟ್ಟಿ. ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ. ಹಿಡಿಯುವುದು ಹಾವುಮೀನನ್ನು. ಅವರ ಮಾತಲ್ಲಿ ಕೂಯಾಂಗ್. ಈ ಮೀನಿನ ಬದುಕು ವಿಚಿತ್ರ. ಹುಟ್ಟುವುದು ಸಾವಿರಾರು ಕಿಲೋಮೀಟರ್ ದೂರದ ಬೆಚ್ಚಗಿನ ಕೋರಲ್ ಸಮುದ್ರದ ಕಡೆ. ಎಲೆಯಂಥ ಮರಿಯಾಗಿ ಪ್ರವಾಹದಲ್ಲಿ ತೇಲಿ ಬಂದು, ಗಾಜಿನಂತೆ ಪಾರದರ್ಶಕವಾಗಿ ಹೊಳೆ ಹತ್ತಿ, ಈ ಜೌಗಿನಲ್ಲಿ ಹತ್ತಾರು ವರ್ಷ ಬೆಳೆಯುತ್ತದೆ. ಶರತ್ಕಾಲದ ಮಳೆಗೆ ನೀರು ಏರಿದಾಗ ಮತ್ತೆ ಸಮುದ್ರಕ್ಕೆ ಇಳಿಯುತ್ತದೆ. ಅಷ್ಟು ದೂರ ಹೋಗಿ ಒಂದೇ ಸಲ ಮೊಟ್ಟೆಯಿಟ್ಟು ಸಾಯುತ್ತದೆ.

ಗುಂಡಿಚ್‌ಮಾರಾ ಜನ ಮಾಡಿದ್ದು ಇಷ್ಟು. ಕಲ್ಲಲ್ಲಿ ಕಾಲುವೆ ಕಡಿದು ಹಾವುಮೀನನ್ನು ಹೊಂಡಗಳಿಗೆ ತಿರುಗಿಸಿದರು. ಅಲ್ಲಿ ಬೆಳೆಯಲು ಬಿಟ್ಟರು. ಇಳಿಯುವ ಕಾಲಕ್ಕೆ ಕಟ್ಟದ ಕಂಡಿಯಲ್ಲಿ ಬುಟ್ಟಿ ಇಟ್ಟು ಹಿಡಿದರು. ಹಿಡಿದದ್ದನ್ನು ಟೊಳ್ಳು ಮರದೊಳಗೆ ಹೊಗೆ ಹಾಕಿ ಒಣಗಿಸಿದರು. ಪಕ್ಕದಲ್ಲಿ ದುಂಡಗಿನ ಕಲ್ಲಿನ ಮನೆಗಳ ಅಡಿಪಾಯ ಇನ್ನೂ ಇವೆ. ಇದು ಯಾವಾಗಿನಿಂದ? ಒಂದು ಕಾಲುವೆಯ ತಳದ ಮಣ್ಣಿನಿಂದ ಸಿಕ್ಕ ಲೆಕ್ಕ 6,600 ವರ್ಷ. ಈಜಿಪ್ಟಿನ ಪಿರಮಿಡ್‌ಗಿಂತ ಸುಮಾರು 2,000 ವರ್ಷ ಹಳೆಯದು.

ಇದನ್ನು ಕೃಷಿ ಅನ್ನಬೇಕೋ ಬೇಡವೋ ಅಂತ ಅಲ್ಲಿನ ಪಂಡಿತರು ಜಗಳವಾಡುತ್ತಾರೆ. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಹೊಂಡ ತೋಡಿ ಮೀನು ಬೆಳೆಸಿದವರಿಗೆ ಏನು ಅಂತ ಕರೆಯಬೇಕು, ನಮ್ಮೂರಲ್ಲಿ ಯಾರನ್ನಾದರೂ ಕೇಳಿ. 1841ರಲ್ಲಿ ರಾಬಿನ್ಸನ್ ಅನ್ನುವ ಅಧಿಕಾರಿ ಇಲ್ಲಿಂದ ದೂರದ ಮೌಂಟ್ ವಿಲಿಯಮ್ ಬಳಿ ಇಂಥದ್ದೇ ಕಾಲುವೆಗಳನ್ನು ಕಂಡು ದಿನಚರಿಯಲ್ಲಿ ಬರೆದ. ನಾಗರಿಕ ಜನರ ಕೆಲಸದ ಹಾಗೆ ಕಾಣುತ್ತದೆ, ನೋಡಿದರೆ ಇದು ಇಲ್ಲಿಯವರದ್ದೇ ಅಂತ. ಬೆರಗಾದ. ಆದರೂ ಆ ನೆಲ ಯಾರದ್ದೂ ಅಲ್ಲ ಅನ್ನುವ ಕಾನೂನು ನಿಂತೇ ಇತ್ತು, 1992ರಲ್ಲಿ ದೇಶದ ಅತಿ ದೊಡ್ಡ ಕೋರ್ಟು ಕೊಟ್ಟ ಮಾಬೋ ತೀರ್ಪಿನವರೆಗೆ.

1840ರ ದಶಕದಲ್ಲಿ ಕುರಿ ಸಾಕುವವರು ಬಂದರು. ಗುಂಡಿಚ್‌ಮಾರಾ ಜನ ಈ ಕಲ್ಲುಗಾಡಿನಲ್ಲಿ ಅಡಗಿ ವರ್ಷಗಟ್ಟಲೆ ಹೋರಾಡಿದರು. ಕುದುರೆ ಈ ಕಲ್ಲುಗಳ ಮೇಲೆ ಬರೋಕಾಗಲ್ಲ. ಯೂಮೆರಲ್ಲಾ ಯುದ್ಧ ಅಂತಾರೆ. ಉಳಿದವರನ್ನು 1860ರ ದಶಕದಲ್ಲಿ ಮಿಷನ್ನಿಗೆ ಸೇರಿಸಿದರು. ಕೆರೆಯನ್ನು ಬಸಿದು ಹುಲ್ಲುಗಾವಲು ಮಾಡಿದರು. ಅವರೇ ಕಲ್ಲು ಹೊತ್ತು ಕಟ್ಟಿದ ಚರ್ಚನ್ನು 1957ರಲ್ಲಿ ಡೈನಮೈಟ್ ಇಟ್ಟು ಉರುಳಿಸಿದರು.

ಆದರೂ ಅವರು ಆ ನೆಲ ಬಿಟ್ಟುಹೋಗಲಿಲ್ಲ. 1981ರಲ್ಲಿ ಇಬ್ಬರು ಹೆಂಗಸರು, ನಮ್ಮ ಹಿರಿಯರ ಗುರುತುಗಳ ಮೇಲೆ ಅಲ್ಯುಮಿನಿಯಂ ಕಾರ್ಖಾನೆ ಕಟ್ಟಬೇಡಿ ಅಂತ ಅಲ್ಲಿನ ಅತಿ ದೊಡ್ಡ ಕೋರ್ಟಾದ ಹೈಕೋರ್ಟಿನವರೆಗೆ ಹೋಗಿ, ಕೇಳುವ ಹಕ್ಕು ತಮಗಿದೆ ಅಂತ ಗೆದ್ದರು. 2007ರಲ್ಲಿ ನೆಲದ ಹಕ್ಕು ಸಿಕ್ಕಿತು. 2010ರಲ್ಲಿ ಕಟ್ಟ ಕಟ್ಟಿ ಟೇ ರಾಕ್‌ಗೆ ಮತ್ತೆ ನೀರು ತುಂಬಿಸಿದರು. 2019ರ ಜುಲೈನಲ್ಲಿ ಬುಜ್ ಬಿಮ್ ಯುನೆಸ್ಕೋ ಪಟ್ಟಿಗೆ ಸೇರಿತು. ಅಬೊರಿಜಿನಲ್ ಸಂಸ್ಕೃತಿಯ ಕಾರಣಕ್ಕಾಗಿಯೇ ಆ ಪಟ್ಟಿ ಸೇರಿದ ಮೊದಲ ಆಸ್ಟ್ರೇಲಿಯನ್ ಜಾಗ. ಮುಂದಿನ ಬೇಸಿಗೆಯಲ್ಲೇ ಕಾಡ್ಗಿಚ್ಚು ಬಿತ್ತು. ಹುಲ್ಲು ಸುಟ್ಟುಹೋದ ಜಾಗದಲ್ಲಿ ಯಾರೂ ನೋಡದ ಇನ್ನಷ್ಟು ಕಾಲುವೆಗಳು ಹೊರಬಿದ್ದವು.

ಕೆರೆಯ ದಡದಲ್ಲಿ ಅವರದ್ದೇ ಒಂದು ಕೆಫೆ ಇದೆ. ಹೊಗೆಯಲ್ಲಿ ಬೇಯಿಸಿದ ಹಾವುಮೀನು ತಿಂದೆ. ಬೆಣ್ಣೆಯಂಥ ಕೊಬ್ಬು, ಗಟ್ಟಿ ಮಾಂಸ, ನಮ್ಮ ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿದ ಒಣಮೀನಿನ ವಾಸನೆ. ತಂಗಿ ಮೂಗು ಮುಚ್ಚಿಕೊಂಡಳು. ಅವಳೂ ಅದೇ ಒಲೆಯ ಮುಂದೆ ಬೆಳೆದವಳು!

ಮಾತು ಮುಗಿಸಿದ ಮೇಲೆ ಪ್ರಶ್ನೆ ಕೇಳಿ ಅಂದೆ. ಕೊನೆಯ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದರು. ‘ಕೂಳಿಗೆ ಒಳಬಾಯಲ್ಲಿ ಮುಳ್ಳಿನ ಹಾಗೆ ಕಡ್ಡಿ ಇರಬೇಕು, ಒಳಗೆ ಹೋದ ಮೀನು ಹೊರಗೆ ಬರಬಾರದು. ಅವರದರಲ್ಲಿ ಇದೆಯಾ?’ ಇಲ್ಲ ಅಂದೆ. ಅವರ ಬುಟ್ಟಿಯ ಸಣ್ಣ ತುದಿ ತೆರೆದೇ ಇರುತ್ತದೆ. ಹಾವುಮೀನಿನ ತಲೆ ಅಲ್ಲಿ ಹೊರಬರುತ್ತಿದ್ದ ಹಾಗೆ ಹಿಂದೆ ನಿಂತವನು ಹಿಡಿದು ಕತ್ತು ಕಚ್ಚಿ ಸಾಯಿಸುತ್ತಿದ್ದನಂತೆ. ಸಭೆಯಲ್ಲಿ ಹೆಂಗಸರು ಇಶ್ಶಿ ಅಂದರು. ಹಿರಿಯರು ಮಾತ್ರ ತಲೆದೂಗಿದರು. ‘ನಮ್ಮದು ಹತ್ತುಮೀನು, ನೀರಿಗೆ ಎದುರಾಗಿ ಮೇಲಕ್ಕೆ ಹತ್ತೋದು, ಬಾಯಿ ಕೆಳಗಡೆಗೆ ಇಡಬೇಕು. ಅವರದು ಇಳಿಯೋ ಮೀನು, ಬಾಯಿ ಮೇಲ್ಗಡೆಗೆ, ಅಲ್ವಾ?’ ಅಂದರು. ಹೌದು ಅಂದೆ. ‘ಹಂಗಾದ್ರೆ ಸರಿ’ ಅಂತ ಕೂತರು. ಕೊಡೆ ತೆಗೆದುಕೊಂಡು ಹೊರಡುವಾಗ ಹತ್ತಿರ ಬಂದು, ನಮ್ಮನೆ ಅಟ್ಟದ ಮೇಲೆ ಅಪ್ಪ ಹೆಣೆದ ಕೂಳಿ ಒಂದಿದೆ, ಗೆದ್ದಲು ತಿನ್ನದಿದ್ದರೆ ಕೊಡುತ್ತೇನೆ, ಆ ಹುಡುಗಿಗೆ ಕಳಿಸಿ ಅಂದರು.